‘ಸ್ಟೇಕ್‌ಹೋಲ್ಡರ್’ಗೆ ನಿಮ್ಮೂರಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಊರಿನ ಕೆಲಸ ಹೇಗಾಗಿದೆ ಅಂತ ಊರವರೇ ಕೂತು ನೋಡುವುದು ಹೇಗೆ ಎಂಬ ಸಣ್ಣ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಳಸುವವರು ಕುಮಟಾ ಕಡೆಯ ಗಜನಿ (ಹಿನ್ನೀರಿನ ಗದ್ದೆ) ಇರುವ ಊರಿನವರು. ಪುಟಪುಟಕ್ಕೂ ‘ಸ್ಟೇಕ್‌ಹೋಲ್ಡರ್’ ಎದುರಾಗುತ್ತದೆ. ಒಂದು ಕೆಲಸದಿಂದ ಒಳಿತೋ ಕೆಡುಕೋ ಆಗುವವರೆಲ್ಲ ಅಂತ ಅದರ ಅರ್ಥ. ಕನ್ನಡದಲ್ಲಿ ನಾಲ್ಕೈದು ಪದ ಓಡಾಡುತ್ತಿವೆ, ಆದರೆ ಒಂದೂ ಸರಿಯಾಗಿ ಕೂರುತ್ತಿಲ್ಲ.

‘ಪಾಲುದಾರರು’ ಅಂದರೆ ನಮ್ಮ ಕಡೆ ದೋಣಿಗೋ ಅಂಗಡಿಗೋ ದುಡ್ಡು ಹಾಕಿದವರು. ‘ಭಾಗೀದಾರರು’ ಅಂತ ಸರ್ಕಾರಿ ಸುತ್ತೋಲೆಗಳಲ್ಲಿ ಬರುತ್ತದೆ, ಅದರದ್ದೂ ಅದೇ ಕತೆ. ‘ಹಿತಾಸಕ್ತರು’ ಅಂದ ಕೂಡಲೇ ಪೇಪರಿನ ‘ಪಟ್ಟಭದ್ರ ಹಿತಾಸಕ್ತಿ’ ನೆನಪಾಗುತ್ತದೆ. ಬಡಪಾಯಿ ಮೀನುಗಾರರನ್ನು ಹಾಗೆ ಕರೆದರೆ ಜಗಳಕ್ಕೇ ಬಂದಾರು. ‘ಸಂಬಂಧಪಟ್ಟವರು’ ಒಳ್ಳೆಯ ಆಡುಮಾತು. ಆದರೆ ‘ಸಂಬಂಧಪಟ್ಟವರು ಗಮನಿಸಲಿ’ ಅಂತ ವಾಚಕರ ಪತ್ರ ಬರೆಯುವಾಗ ನಮ್ಮ ಕಣ್ಣ ಮುಂದೆ ಇರುವುದು ಅಧಿಕಾರಿಗಳು, ಊರವರಲ್ಲ.

ನನಗೆ ಜಾಸ್ತಿ ತೊಡಕು ಕೊಟ್ಟಿದ್ದು ‘ಫಲಾನುಭವಿ’. ಎಲ್ಲರಿಗೂ ಗೊತ್ತಿರುವ ಪದ, ರೇಷನ್ ಕಾರ್ಡಿನಿಂದ ಹಿಡಿದು ಮನೆ ಮಂಜೂರಿವರೆಗೆ ಎಲ್ಲ ಕಡೆ ಅದೇ. ಗಜನಿಯಲ್ಲಿ ಅದು ಸಾಲುವುದಿಲ್ಲ. ಅಘನಾಶಿನಿ ಹಿನ್ನೀರಿನ ಈ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ. ಉಪ್ಪುನೀರು ತಡೆದುಕೊಳ್ಳುವ ತಳಿ ಅದು. ಆಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಎರಡಕ್ಕೂ ಉಪ್ಪುನೀರು ತಡೆಯುವ ಒಡ್ಡು ಮತ್ತು ನೀರು ಬಿಡುವ ಗೇಟು ಸರಿ ಇರಬೇಕು. ಒಡ್ಡು ರಿಪೇರಿಯಾದರೆ ಗದ್ದೆ ಇದ್ದವರು ಫಲಾನುಭವಿ, ಒಪ್ಪೋಣ. ಸಿಗಡಿಗೆ ಗುತ್ತಿಗೆ ಹಿಡಿದವರು? ಗೇಟಿನ ಹತ್ತಿರ ಬಲೆ ಹಾಕುವವರು? ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು? ಒಡ್ಡು ಎಲ್ಲಿ ಬರುತ್ತದೆ, ಗೇಟು ಯಾವಾಗ ತೆಗೆಯುತ್ತಾರೆ ಅನ್ನುವುದರ ಮೇಲೆ ಇವರ ದಿನದ ದುಡಿಮೆ ನಿಂತಿದೆ. ಇವರಿಗೆ ಫಲ ಸಿಗಬಹುದು, ಇದ್ದದ್ದೂ ಹೋಗಬಹುದು.

ಒಂದು ಸಭೆಯ ರಿಜಿಸ್ಟರ್ ನೋಡಿದೆ. ಕೊನೆಯ ಕಾಲಮ್ಮಿನ ತಲೆಬರಹ ‘ಫಲಾನುಭವಿಯ ಸಹಿ’. ಪಹಣಿಯಲ್ಲಿ ಹೆಸರಿದ್ದವರದ್ದು ಮಾತ್ರ ಸಹಿ ಇತ್ತು. ಬಳಚಿನ ಬುಟ್ಟಿ ಹಿಡಿದು ಹೊರಗೆ ನಿಂತಿದ್ದ ಒಬ್ಬ ಅಮ್ಮನಿಗೆ ಒಳಗೆ ಬನ್ನಿ ಅಂದರೆ, ‘ನಾವು ಫಲಾನುಭವಿ ಅಲ್ಲ ಅಲ್ವಾ, ನಮ್ಮನ್ನ ಎಂತಕ್ಕೆ ಕರೀತ್ರಿ?’ ಅಂದರು. ಆ ಕಾಲಮ್ಮಿಗೆ ಬೇರೆ ಪದ ಹುಡುಕಬೇಕು ಅನಿಸಿದ್ದು ಆಗಲೇ.

ಇಂಗ್ಲಿಷ್ ಪದದ ಮೂಲವೂ ತಮಾಷೆಯದೇ. ಮೊದಲಿಗೆ ಅದರ ಅರ್ಥ, ಇಬ್ಬರು ಕಟ್ಟಿದ ಪಣದ ದುಡ್ಡನ್ನು ಕೈಯಲ್ಲಿಟ್ಟುಕೊಳ್ಳುವ ಮೂರನೆಯವನು. ಕೋಳಿ ಅಂಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮೂಲ ಹಿಡಿದು ‘ಪಣದಾರ’ ಅಂತೆಲ್ಲ ಕಟ್ಟಲು ಹೋಗುವುದು ಬೇಡ.

ಕಾರವಾರದ ಕಡೆ ಇನ್ನೊಂದು ಪದ ಬೇರೂರಿದೆ: ‘ನಿರಾಶ್ರಿತರು’. ಸೀಬರ್ಡ್ (ನೌಕಾನೆಲೆ) ನಿರಾಶ್ರಿತರು, ಕೈಗಾ (ಅಣು ವಿದ್ಯುತ್ ಸ್ಥಾವರ) ನಿರಾಶ್ರಿತರು. ಅದು ಕಳೆದುಕೊಂಡವರನ್ನು ಮಾತ್ರ ಹೇಳುತ್ತದೆ, ಅದೂ ಎಲ್ಲ ಮುಗಿದ ಮೇಲೆ. ಶಿರಸಿ ಸೀಮೆಯಲ್ಲಿ 1993ರ ನಂತರ ಜಂಟಿ ಅರಣ್ಯ ಯೋಜನೆ ಬಂದಾಗ ಗ್ರಾಮ ಅರಣ್ಯ ಸಮಿತಿಗಳಾದವು. ಅಲ್ಲಿ ‘ಸದಸ್ಯರು’ ಅಂದರೆ ಸಾಕಾಗುತ್ತಿತ್ತು. ಆದರೆ ಸೊಪ್ಪಿಗೆ ಬರುವ ತೋಟಿಗರು, ಸೌದೆಗೆ ಬರುವವರು, ದನ ಮೇಯಿಸುವವರು ಎಲ್ಲ ಸದಸ್ಯರಾಗಿರುತ್ತಾರೆ ಅಂತೇನಿಲ್ಲವಲ್ಲ.

ದೇವಸ್ಥಾನದ ಆಮಂತ್ರಣದಲ್ಲಿ ‘ಊರ ಹತ್ತು ಸಮಸ್ತರು’ ಅಂತ ಹಾಕುತ್ತಾರೆ. ಕಿವಿಗೆ ಚಂದ. ಆದರೆ ಆ ಹತ್ತರಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಮತ್ತೆ ಗದ್ದೆ ಇದ್ದವರ ಹೆಸರೇ ಮೊದಲು ಬರುತ್ತದೆ.

ಊರ ಕೆಲಸ ಹೇಗಾಗಿದೆ ಅಂತ ನೋಡುವುದಕ್ಕೆ ಬಳಸುವ ‘ಮೌಲ್ಯಮಾಪನ’ದ ಬಗ್ಗೆಯೂ ಒಂದು ಮಾತು. ಅದು ಕೇಳಿದರೆ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದುವುದೇ ಕಣ್ಣಿಗೆ ಬರುತ್ತದೆ, ಯಾರೋ ಮೇಲೆ ಕೂತು ಅಂಕ ಹಾಕಿದ ಹಾಗೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಈ ಕೆಲಸವನ್ನು ಗ್ರಾಮಸಭೆಗೆ ಕೊಟ್ಟಿತು, ಹೆಸರು ಮಾತ್ರ ‘ಸಾಮಾಜಿಕ ಲೆಕ್ಕ ಪರಿಶೋಧನೆ’ ಅಂತ ಉದ್ದವಾಯಿತು. ಪಂಚಾಯ್ತಿಯ ‘ಜಮಾಬಂದಿ’ ಹಳೆಯ ಕಂದಾಯದ ಪದ, ಆದರೂ ಜನರ ಬಾಯಲ್ಲಿದೆ. ಅಲ್ಲಿ ಲೆಕ್ಕ ಓದುತ್ತಾರೆ, ಮಾಡಿದ ಕಾಮಗಾರಿ ನೋಡುತ್ತಾರೆ. ನಾನು ಸದ್ಯ ‘ಕೆಲಸ ಹೇಗಾಯ್ತು ಅಂತ ಕೂತು ನೋಡುವುದು’ ಅಂತಲೇ ಬರೆದಿದ್ದೇನೆ. ಉದ್ದವಾದರೂ ಯಾರೂ ಅರ್ಥ ಕೇಳಲಿಲ್ಲ.

ಸ್ಟೇಕ್‌ಹೋಲ್ಡರಿಗೆ ನನ್ನ ಒಲವು ‘ತಟ್ಟುವವರು’ ಕಡೆಗಿದೆ. ಬಿಸಿ ತಟ್ಟಿತು, ಶಾಪ ತಟ್ಟಿತು ಅನ್ನುತ್ತೇವಲ್ಲ, ಆ ತಟ್ಟು. ‘ಈ ಕೆಲಸದ ಒಳಿತು ಕೆಡುಕು ಯಾರ್ಯಾರಿಗೆ ತಟ್ಟುತ್ತದೆ, ಅವರೆಲ್ಲ’ ಅಂದರೆ ಬಳಚಿನವರೂ ಒಳಗೆ ಬರುತ್ತಾರೆ. ತೊಂದರೆ ಎರಡು. ತಟ್ಟುವುದು ಕೆಲಸ, ತಟ್ಟಿಸಿಕೊಳ್ಳುವವರು ಜನ. ವ್ಯಾಕರಣದವರು ಹಿಡಿಯುತ್ತಾರೆ. ಇನ್ನೊಂದು, ನಮ್ಮಲ್ಲಿ ಈ ಪದ ಕೆಟ್ಟದ್ದಕ್ಕೇ ಹೆಚ್ಚು ಬಳಕೆ.

ಅಂಕೋಲಾ, ಭಟ್ಕಳ, ಸಿದ್ದಾಪುರದ ಕಡೆಯವರು ಹೇಳಿ. ಲಾಭ ಆದವರು, ನಷ್ಟ ಆದವರು ಇಬ್ಬರನ್ನೂ ಒಟ್ಟಿಗೆ ಕರೆಯುವ ಪದ ನಿಮ್ಮಲ್ಲಿ ಇದೆಯಾ? ಕಾರವಾರದವರು ಕೊಂಕಣಿಯ ಪದ ಕೊಟ್ಟರೂ ಆದೀತು. ರಿಜಿಸ್ಟರಿನ ಕಾಲಮ್ಮಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಲಿ.