ಉದ್ದ ಕೂದಲಿಗೆ ಮನೆಯಲ್ಲೇ ಲೇಯರ್ ಕತ್ತರಿಸುವುದು: ಜಡೆ ಹಾಕುವವರಿಗೆ ಹೊಂದೀತೇ?

ಪ್ರಶ್ನೆ: ನೀಳವೇಣಿ

ಎಲ್ಲರಿಗೂ ನಮಸ್ಕಾರ. ನನ್ನ ಕೂದಲು ಸೊಂಟದವರೆಗೆ ಇದೆ. ದಟ್ಟವಾಗಿದ್ದು, ತುದಿಯತ್ತ ತುಸು ಅಲೆಯಲೆಯಾಗಿದೆ. ಇದುವರೆಗೆ ಕೆಳಗಿನ ಅಂಚನ್ನು ಮಾತ್ರ ಸಮವಾಗಿ ಕತ್ತರಿಸಿಕೊಂಡು ಬಂದಿರುವುದರಿಂದ, ಬಿಟ್ಟುಕೊಂಡಾಗ ನೆತ್ತಿಯ ಬಳಿ ಚಪ್ಪಟೆಯಾಗಿಯೂ ಕೆಳಗೆ ಭಾರವಾಗಿಯೂ ಕಾಣುತ್ತದೆ. ಮನೆಯಲ್ಲೇ ಲೇಯರ್, ಅಂದರೆ ಮೇಲಿನ ಎಳೆಗಳು ಗಿಡ್ಡವಾಗಿ ಕೆಳಗಿನವು ಉದ್ದವಾಗಿ ಉಳಿಯುವಂತೆ ಹಂತಹಂತದ ಕತ್ತರಿಕೆ, ಮಾಡಿಕೊಳ್ಳಬೇಕೆಂದು ನೋಡಿದಾಗ ಎರಡು ವಿಧಾನಗಳು ಸಿಕ್ಕವು. ಮೊದಲನೆಯದರಲ್ಲಿ ತಲೆ ಬಗ್ಗಿಸಿ, ಎಲ್ಲ ಕೂದಲನ್ನೂ ಹಣೆಯ ಮೇಲೆ ಒಂದೇ ಜುಟ್ಟಾಗಿ ಕಟ್ಟಿ, ಅದರ ತುದಿಯನ್ನು ಕತ್ತರಿಸುತ್ತಾರೆ. ಎರಡನೆಯದರಲ್ಲಿ ಬೈತಲೆ ತೆಗೆದು, ಕೂದಲನ್ನು ಭಾಗ ಮಾಡಿ, ಒಂದೊಂದು ಭಾಗವನ್ನೂ ಮೇಲೆತ್ತಿ ಹಿಡಿದು ಕತ್ತರಿಸುತ್ತಾರೆ. ಒಬ್ಬಳೇ ಮಾಡಿಕೊಳ್ಳಲು ಯಾವುದು ಸೂಕ್ತ? ಕೆಲಸಕ್ಕೆ ಹೋಗುವಾಗ ನಾನು ಜಡೆಯನ್ನೇ ಹಾಕುವವಳು. ಲೇಯರ್ ಆದ ಮೇಲೆ ಜಡೆಯಿಂದ ತುದಿಗಳು ಮುಳ್ಳಿನಂತೆ ಹೊರಬರುತ್ತವೆ ಎಂದು ಅಕ್ಕ ಹೆದರಿಸಿದ್ದಾಳೆ. ಅದು ನಿಜವೇ?

ಉತ್ತರ: ಕತ್ತರಿಬಾಚಣಿಗೆ

ಹಿಂದೆ ಬ್ಯೂಟಿ ಪಾರ್ಲರ್ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ನೀವು ಹೇಳಿದಂಥ ಕೂದಲಿಗೆ, ಒಬ್ಬರೇ ಮಾಡಿಕೊಳ್ಳುವುದಾದರೆ, ಹಣೆಯ ಮೇಲಿನ ಜುಟ್ಟೇ ಸುರಕ್ಷಿತ. ಭಾಗ ಮಾಡಿ ಕತ್ತರಿಸುವ ವಿಧಾನದಲ್ಲಿ ಪ್ರತಿ ಸಲವೂ ಕೂದಲನ್ನು ಒಂದೇ ಕೋನಕ್ಕೆ ಎತ್ತಿ ಹಿಡಿಯಬೇಕು. ತನ್ನ ಹಿಂದಲೆಯ ಕೂದಲನ್ನು ತಾನೇ ಹಾಗೆ ಹಿಡಿಯುವಾಗ ತೋಳು ಸೋತು ಕೋನ ಬದಲಾಗುತ್ತದೆ, ಎಡಕ್ಕೂ ಬಲಕ್ಕೂ ಹೊಂದಿಕೆ ತಪ್ಪುತ್ತದೆ.

ಜುಟ್ಟು ಕಟ್ಟಿದಾಗ ಏನಾಗುತ್ತದೆಂಬುದನ್ನು ಮೊದಲು ಅರ್ಥಮಾಡಿಕೊಳ್ಳಿ. ನಿಮ್ಮ ಕೂದಲಿನ ಕೆಳಅಂಚು ಸಮವಾಗಿದೆ ಎಂದರೆ ಎಲ್ಲ ಎಳೆಗಳ ಉದ್ದವೂ ಒಂದೇ ಎಂದಲ್ಲ. ಹಣೆಯ ಬಳಿ ಹುಟ್ಟಿದ ಎಳೆ ಅತ್ಯಂತ ಉದ್ದವಾಗಿಯೂ ಕತ್ತಿನ ಬುಡದಲ್ಲಿ ಹುಟ್ಟಿದ ಎಳೆ ಅತ್ಯಂತ ಗಿಡ್ಡವಾಗಿಯೂ ಇರುತ್ತವೆ. ಕತ್ತಿನ ಬುಡದ ಎಳೆಯನ್ನು ನೆತ್ತಿಯ ಮೇಲಿಂದ ಹಣೆಗೆ ತಂದಾಗ ಸುಮಾರು ಒಂದು ಅಡಿ ಉದ್ದ ತಲೆಯ ಮೇಲೆಯೇ ಮುಗಿದುಹೋಗುತ್ತದೆ. ಸೊಂಟದುದ್ದದ ಕೂದಲಿನಲ್ಲೂ ಅದು ಕಟ್ಟಿನಿಂದ ಆಚೆಗೆ ಒಂದು ಗೇಣಿನಷ್ಟೂ ಬರುವುದು ಕಷ್ಟ. ಆದ್ದರಿಂದ ಜುಟ್ಟಿನ ತುದಿಯಲ್ಲಿ ಕತ್ತರಿಗೆ ಸಿಕ್ಕುವುದು ಮುಂದಲೆ ಮತ್ತು ನೆತ್ತಿಯ ಕೂದಲು ಮಾತ್ರ. ಹಿಂದಿನ ಉದ್ದ ಉಳಿಯುವುದು ಇದೇ ಕಾರಣಕ್ಕೆ. ಜುಟ್ಟಿನ ತುದಿ ತೆಳ್ಳಗೆ ಕಂಡಿತೆಂದು ದಪ್ಪವಿರುವ ಕಡೆ ಕತ್ತರಿ ಇಟ್ಟರೆ ಮುಖದ ಸುತ್ತಲಿನ ಕೂದಲು ಗಲ್ಲದವರೆಗೆ ಬಂದು ನಿಲ್ಲಬಹುದು.

ಹೀಗಾಗಿ ಎಷ್ಟು ಕತ್ತರಿಸಬೇಕೆಂದು ಕೇಳಿಕೊಳ್ಳುವ ಬದಲು, ಅತ್ಯಂತ ಗಿಡ್ಡ ಎಳೆ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿ. ಹಣೆಯ ಮೇಲೆ ಕೂದಲು ಆರಂಭವಾಗುವ ಜಾಗದಿಂದ ಮುಖದ ಪಕ್ಕದಲ್ಲಿ ಟೇಪು ಇಳಿಬಿಟ್ಟು ಆ ಜಾಗದವರೆಗೆ ಅಳೆಯಿರಿ. ಅದೇ ಅಳತೆಯನ್ನು ಕಟ್ಟಿನಿಂದ ಜುಟ್ಟಿನುದ್ದಕ್ಕೆ ಹಿಡಿದು, ಅದಕ್ಕಿಂತ ಮೂರು ಸೆಂಟಿಮೀಟರ್ ಆಚೆಗೆ ಎರಡನೆಯ ರಬ್ಬರ್ ಬ್ಯಾಂಡ್ ಹಾಕಿ. ಕತ್ತರಿ ಆ ಬ್ಯಾಂಡಿನ ಹೊರಗೇ ಇರಲಿ.

ನಿಮ್ಮ ಅಕ್ಕನ ಮಾತಿನಲ್ಲಿ ಹುರುಳಿದೆ. ಜಡೆ ಹೆಣೆಯುವುದು ಕತ್ತಿನ ಹಿಂದಿನಿಂದ. ಹಣೆಯ ಎಳೆ ಅಲ್ಲಿಗೆ ತಲುಪುವಷ್ಟರಲ್ಲಿ ಸುಮಾರು ಒಂದು ಗೇಣು ಉದ್ದ ತಲೆಯ ಸುತ್ತಲೇ ಖರ್ಚಾಗಿರುತ್ತದೆ. ಭುಜದ ಮಟ್ಟಕ್ಕೆ ಲೇಯರ್ ಆರಂಭಿಸಿದರೆ ಆ ಎಳೆ ಒಂದೆರಡು ಹೆಣಿಗೆಯಲ್ಲೇ ಮುಗಿದು ಹೊರಗೆ ಇಣುಕುತ್ತದೆ. ಎದೆಯ ಮಟ್ಟಕ್ಕಿಂತ ಮೇಲೆ ಹೋಗಬೇಡಿ. ಆಗಲೂ ಒಂದಷ್ಟು ತುದಿಗಳು ಕಾಣುತ್ತವೆ, ಆದರೆ ಜಡೆ ಕೆದರಿದಂತೆ ಆಗುವುದಿಲ್ಲ.

ಉತ್ತರ: ಗುಂಗುರುಮಲ್ಲಿ

ಮೇಲಿನ ಉತ್ತರದಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ಅಲೆ ಇರುವ ಕೂದಲನ್ನು ಒದ್ದೆಯಾಗಿರುವಾಗ ಕತ್ತರಿಸಬಾರದು. ಒದ್ದೆ ಕೂದಲು ಹಿಗ್ಗುತ್ತದೆ, ಅಲೆಯೂ ನೇರವಾಗುತ್ತದೆ. ಒಣಗಿದ ಮೇಲೆ ಅದು ಮೇಲಕ್ಕೆ ಸೇದಿಕೊಂಡಾಗ ನೀವು ಅಳೆದದ್ದಕ್ಕಿಂತ ಗಿಡ್ಡವಾಗಿ ನಿಲ್ಲುತ್ತದೆ. ನೇರ ಕೂದಲಿನವರು ತುಸು ತೇವವಿಟ್ಟು ಕತ್ತರಿಸಿಕೊಳ್ಳಬಹುದು, ನಮ್ಮಂಥವರಿಗೆ ಅದು ಸಲ್ಲ. ಎಣ್ಣೆ ಹಚ್ಚಿದ ಕೂದಲೂ ಅಂಟಿಕೊಂಡು ನಿಜವಾದ ದಪ್ಪವನ್ನು ಮರೆಮಾಚುತ್ತದೆ. ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ, ಜಡೆಯನ್ನೂ ಹಾಕದೆ ಬಿಡಿ. ಬಿಗಿ ಜಡೆ ಬಿಚ್ಚಿದ ಕೂದಲಿನಲ್ಲಿ ಉಳಿಯುವ ಮಡಿಕೆಗಳು ಅಳತೆಯನ್ನು ತಪ್ಪಿಸುತ್ತವೆ. ಸಿಕ್ಕನ್ನು ಪೂರ್ತಿ ಬಿಡಿಸಿದ ನಂತರವೇ ಜುಟ್ಟು ಕಟ್ಟಿ.

ಹಲ್ಲುಗಳಿರುವ ಥಿನ್ನಿಂಗ್ ಕತ್ತರಿಯನ್ನು ದಯವಿಟ್ಟು ಮುಟ್ಟಬೇಡಿ. ಅದು ಒಳಗೆ ಉಳಿಸುವ ಗಿಡ್ಡ ಎಳೆಗಳು ಅಲೆಯುಳ್ಳ ಕೂದಲಿನಲ್ಲಿ ಸುರುಳಿಗೊಂಡು ಮೇಲೆದ್ದು, ಉಳಿದ ಕೂದಲನ್ನೂ ಕೆದರಿಸುತ್ತವೆ.

ಉತ್ತರ: ಹಳೆಯಜಡೆ

ನಾನು ಭಿನ್ನಮತ ಹೇಳಬಯಸುತ್ತೇನೆ. ದಿನವೂ ಜಡೆ ಹಾಕುವವರಿಗೆ ತಲೆಯೆಲ್ಲ ಲೇಯರ್ ಏಕೆ ಬೇಕು? ಲೇಯರಿನಿಂದ ಜಡೆಯ ಕೆಳಭಾಗ ಇಲಿಬಾಲದಂತೆ ಸಣ್ಣಗಾಗುವುದು ಖಚಿತ, ಏಕೆಂದರೆ ಕೆಳಗೆ ತಲುಪುವ ಎಳೆಗಳೇ ಕಡಿಮೆಯಾಗಿರುತ್ತವೆ. ಹಬ್ಬಕ್ಕೋ ಮದುವೆಗೋ ಚೌರಿ ಸೇರಿಸಿ ಮೊಗ್ಗಿನ ಜಡೆ ಹಾಕಿದರೆ ಅದು ಮುಚ್ಚಿಹೋಗುತ್ತದೆ, ಸಾಮಾನ್ಯ ದಿನಗಳಲ್ಲಿ ಮುಚ್ಚುವುದಿಲ್ಲ. ಮುಖದ ಎರಡೂ ಬದಿಯ ಕೂದಲನ್ನು ಮಾತ್ರ ಬೇರ್ಪಡಿಸಿ, ಮುಂದಕ್ಕೆ ತಂದು, ಇಳಿಜಾರಾಗಿ ಕತ್ತರಿಸಿಕೊಂಡು ನೋಡಿ. ಹಿಂಭಾಗ ಹಾಗೆಯೇ ಇರಲಿ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಭುಜದ ಮಟ್ಟಕ್ಕೆ ಬಂದ ಎಳೆ ಮರಳಿ ಸೊಂಟ ಮುಟ್ಟಲು ಮೂರು ವರ್ಷವಾದರೂ ಬೇಕು.

ಪ್ರಶ್ನೆ ಕೇಳಿದವರು: ನೀಳವೇಣಿ

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ಎದೆಯ ಮಟ್ಟಕ್ಕಿಂತ ಕೆಳಗೆ ಆರಂಭಿಸುತ್ತೇನೆ, ಒಣ ಕೂದಲಿನಲ್ಲೇ ಮಾಡುತ್ತೇನೆ. ಇನ್ನೆರಡು ಸಂದೇಹಗಳಿವೆ. ಮನೆಯಲ್ಲಿರುವ ಬಟ್ಟೆಯ ಕತ್ತರಿ ಸಾಲದೇ? ನನ್ನ ಹಣೆಯಂಚಿನಲ್ಲಿ ಒಂದು ಸುಳಿ ಇದೆ, ಅದರಿಂದ ತೊಂದರೆಯಾದೀತೇ?

ಉತ್ತರ: ಕತ್ತರಿಬಾಚಣಿಗೆ

ಬಟ್ಟೆಯ ಕತ್ತರಿ ಬೇಡ. ದೊಡ್ಡ ಅಲಗಿನಿಂದ ಸಣ್ಣ ಕಚ್ಚುಗಳನ್ನು ಹಾಕುವುದು ಕಷ್ಟ. ಹರಿತ ಸಾಲದಿದ್ದರೆ ಕೂದಲು ತುಂಡಾಗುವ ಬದಲು ಅಲಗಿನ ನಡುವೆ ಮಡಚಿ ಜಾರುತ್ತದೆ, ತುದಿ ಜಜ್ಜಿದಂತಾಗಿ ಬೇಗ ಸೀಳುತ್ತದೆ. ಐದೂವರೆ ಅಥವಾ ಆರು ಇಂಚಿನ, ಕೂದಲಿಗೆಂದೇ ಮಾಡಿದ ಕತ್ತರಿ ಕೊಳ್ಳಿ. ಅದರಲ್ಲಿ ಕಾಗದವನ್ನೂ ಹಾಲಿನ ಪ್ಯಾಕೆಟ್ಟನ್ನೂ ಕತ್ತರಿಸದಂತೆ ಮನೆಯವರಿಗೆ ತಾಕೀತು ಮಾಡಿ. ಜುಟ್ಟನ್ನು ಅಡ್ಡಲಾಗಿ ಒಂದೇ ಏಟಿಗೆ ಕತ್ತರಿಸಬೇಡಿ. ಕತ್ತರಿಯನ್ನು ಕೂದಲಿನ ಉದ್ದಕ್ಕೇ ಹಿಡಿದು, ತುದಿಯೊಳಕ್ಕೆ ಚಿಕ್ಕ ಚಿಕ್ಕ ಕಚ್ಚು ಹಾಕುತ್ತ ಹೋದರೆ ಮೆಟ್ಟಿಲು ಕಟ್ಟಿದಂತೆ ಕಾಣುವುದಿಲ್ಲ.

ಸುಳಿಯ ಬಳಿಯ ಕೂದಲು ಗಿಡ್ಡವಾದಾಗ ತನ್ನದೇ ದಿಕ್ಕಿಗೆ ನೆಟ್ಟಗೆ ನಿಲ್ಲುತ್ತದೆ. ಎದೆಯುದ್ದಕ್ಕೆ ಉಳಿದರೆ ಅದರ ಭಾರಕ್ಕೇ ಮಲಗುತ್ತದೆ. ಜುಟ್ಟನ್ನು ಮಾತ್ರ ಸುಳಿಯ ಮೇಲೆ ಕಟ್ಟದೆ ಹಣೆಯ ನಡುವಿಗೆ, ಮೂಗಿನ ನೇರಕ್ಕೆ ಕಟ್ಟಿ. ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದರೂ ಒಂದು ಬದಿ ಗಿಡ್ಡವಾಗುತ್ತದೆ. ಸಂಜೆಯ ಮೇಲೆ ಕೂದಲು ಕತ್ತರಿಸಬಾರದೆಂಬ ಹಿರಿಯರ ಮಾತನ್ನು ನಂಬದಿದ್ದರೂ ಪಾಲಿಸಿ, ಏಕೆಂದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಪ್ಪು ಕೂದಲಿನ ಅಂಚು ಸರಿಯಾಗಿ ಕಾಣುವುದಿಲ್ಲ. ಕಿಟಕಿಯ ಬಳಿ, ಹಗಲಿನಲ್ಲಿ, ಬಿಚ್ಚಿ ಬಾಚಿ ಎರಡೂ ಬದಿಯ ತುದಿಗಳನ್ನು ಎದೆಯ ಮೇಲೆ ಸೇರಿಸಿ ನೋಡಿ. ವ್ಯತ್ಯಾಸ ಕಂಡರೆ ಉದ್ದವಿರುವ ಬದಿಯನ್ನು ಮಾತ್ರ ತಿದ್ದಿ.