ಕನ್ನಡ ಅಕ್ಷರದ ಟೀ ಶರ್ಟ್: ಒತ್ತಕ್ಷರ ಮುದ್ದೆಯಾಗದ ಹಾಗೆ ಪ್ರಿಂಟ್ ಮಾಡಿಸೋದು ಹೇಗೆ?

ನೇಸರ:
ಎಲ್ಲರಿಗೂ ನಮಸ್ಕಾರ. ನವೆಂಬರ್ 1ಕ್ಕೆ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಬಳಗಕ್ಕೆ 60 ಟೀ ಶರ್ಟ್ ಮಾಡಿಸಬೇಕು. ಹೋದ ವರ್ಷವೂ ಮಾಡಿಸಿದ್ದೆವು. ಕೆಂಪು ಬಟ್ಟೆ, ಎದೆಯ ಮೇಲೆ ಹಳದಿಯಲ್ಲಿ "ಕನ್ನಡ ಅಂದ್ರೆ ಅಕ್ಕರೆ" ಅಂತ. ಕಂಪ್ಯೂಟರಿನಲ್ಲಿ ನೋಡುವಾಗ ಎಷ್ಟು ಚೆನ್ನಾಗಿತ್ತು! ಕೈಗೆ ಬಂದಾಗ ಹಳದಿ ಹೋಗಿ ಕಿತ್ತಳೆ ಆಗಿತ್ತು. "ಅಕ್ಕರೆ"ಯ ಒತ್ತಿನ ಒಳಗೆ ಬಣ್ಣ ತುಂಬಿಕೊಂಡು ಅದೊಂದು ಚುಕ್ಕೆಯ ಹಾಗೆ ಕಾಣುತ್ತಿತ್ತು. ಮೂರು ಸಲ ಒಗೆದ ಮೇಲೆ ಅಕ್ಷರದ ಮೇಲೆಲ್ಲ ಬಿರುಕು, ನೀರು ಬತ್ತಿದ ಕೆರೆ ಅಂಗಳದ ಹಾಗೆ. ಮಕ್ಕಳು ಅದನ್ನು ಹಾಕಿಕೊಳ್ಳೋದೇ ಬಿಟ್ಟರು, ನನಗೆ ನಿಜವಾಗಲೂ ಬೇಜಾರಾಯಿತು. ಈ ಸಲ ಡ್ರೈ ಫಿಟ್ ಬಟ್ಟೆ ತಗೊಳ್ಳಿ ಅಂತ ಕೆಲವರು ಹೇಳುತ್ತಿದ್ದಾರೆ, ಡಿಟಿಎಫ್ ಮಾಡಿಸಿ ಅಂತ ಇನ್ನು ಕೆಲವರು. ಯಾವುದು ಸರಿ? ಇನ್ನೊಂದು ವಿಷಯ, ಬಟ್ಟೆ ಮೇಲೆ ಹೀಗೆ ಬರೆಯೋದು ಯಾವಾಗ ಶುರುವಾಯಿತು ಅಂತ ಮಗಳು ಕೇಳಿದಳು. ಗೊತ್ತಿದ್ದರೆ ಅದನ್ನೂ ಹೇಳಿ.

ಮಸಿಕೈ:
ನಾನು 14 ವರ್ಷದಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ. ನೀವು ಹೇಳಿದ ಮೂರು ತೊಂದರೆಗೂ ಬೇರೆ ಬೇರೆ ಕಾರಣ ಇದೆ.

ಮೊದಲು ಬಣ್ಣ. ಕೆಂಪು ಬಟ್ಟೆ ಮೇಲೆ ನೇರವಾಗಿ ಹಳದಿ ಎಳೆದರೆ ಕೆಳಗಿನ ಕೆಂಪು ಕಾಣಿಸಿ ಕಿತ್ತಳೆ ಆಗೇ ಆಗುತ್ತದೆ. ಮೊದಲು ಬಿಳಿ ಬೇಸ್ ಹೊಡೆದು, ಅದು ಸ್ವಲ್ಪ ಒಣಗಿದ ಮೇಲೆ ಹಳದಿ ಎಳೆಯಬೇಕು. ಅಂದರೆ ಎರಡು ಸ್ಕ್ರೀನ್, ಎರಡು ಸಲ ಕೆಲಸ. ದುಡ್ಡು ಉಳಿಸೋಕೆ ಅದನ್ನು ಬಿಟ್ಟಿರುತ್ತಾರೆ.

ಈಗ ಒತ್ತಕ್ಷರ. ಸ್ಕ್ರೀನ್ ಅಂದರೆ ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆ. ಅಕ್ಷರ ಇರುವ ಕಡೆ ಮಾತ್ರ ತೂತು ತೆರೆದಿರುತ್ತದೆ, ಉಳಿದ ಕಡೆ ಎಮಲ್ಷನ್ ಅನ್ನೋ ಲೇಪ ಮುಚ್ಚಿರುತ್ತದೆ. ರಬ್ಬರ್ ಪಟ್ಟಿಯಿಂದ ಇಂಕ್ ಎಳೆದರೆ ತೆರೆದ ಕಡೆಯಿಂದ ಬಟ್ಟೆಗೆ ಇಳಿಯುತ್ತದೆ. ಜಾಲರಿಯ ತೂತು ದೊಡ್ಡದಾಗಿದ್ದರೆ ಇಂಕ್ ಜಾಸ್ತಿ ಇಳಿಯುತ್ತದೆ, ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ. ಬಿಳಿ ಬೇಸ್‌ಗೆ ದೊಡ್ಡ ಜಾಲರಿ ಬೇಕು, ಒತ್ತಕ್ಷರಕ್ಕೆ ಸಣ್ಣ ಜಾಲರಿ ಬೇಕು. ಕೆಂಪು ಬಟ್ಟೆ ಮೇಲೆ ಹಳದಿ ಬೇಕು ಅಂದಾಗಲೆಲ್ಲ ನಮಗೆ ಇದೇ ಕಷ್ಟ.

ಅದಕ್ಕೇ ನನ್ನ ಮಾತು ಕೇಳಿ, ತಿರುಗಿಸಿಬಿಡಿ. ಹಳದಿ ಬಟ್ಟೆ ತಗೊಂಡು ಕೆಂಪು ಅಕ್ಷರ ಹಾಕಿಸಿ. ಬಿಳಿ ಬೇಸ್ ಬೇಡ. ಒಂದೇ ಸ್ಕ್ರೀನ್ ಸಾಕು. ಸಣ್ಣ ಜಾಲರಿಯಲ್ಲಿ ತೆಳುವಾಗಿ ಎಳೆಯಬಹುದು, "ಕ್ಕ" "ನ್ನ" ಎಲ್ಲ ಬಿಡಿಸಿಟ್ಟ ಹಾಗೆ ಬರುತ್ತದೆ. ನೀರಿನ ಇಂಕನ್ನೇ ಬಳಸಬಹುದು, ಅದು ನೂಲಿನ ಒಳಗೆ ಇಳಿಯುತ್ತದೆ, ಕೈಯಿಟ್ಟರೆ ಬಟ್ಟೆಯೇ ಸಿಗುತ್ತದೆ. ಮೇಲೆ ದಪ್ಪ ಪದರ ಇಲ್ಲದಿದ್ದರೆ ಬಿರುಕು ಬಿಡೋಕೆ ಏನಿದೆ?

ನಿಮ್ಮದು ಬಿರುಕು ಬಿಟ್ಟಿದ್ದು ಇಂಕ್ ಸರಿಯಾಗಿ ಕ್ಯೂರ್ ಆಗದೆ, ಅಂದರೆ ಶಾಖಕ್ಕೆ ಪೂರ್ತಿ ಗಟ್ಟಿಯಾಗದೆ ಇರಬೇಕು. ಪ್ಲಾಸ್ಟಿಸಾಲ್ ಅನ್ನೋ ಪ್ಲಾಸ್ಟಿಕ್ ಇಂಕ್ ಗಾಳಿಗೆ ಒಣಗುವುದಿಲ್ಲ. ಸಾಮಾನ್ಯವಾಗಿ ಸುಮಾರು 160 ಡಿಗ್ರಿ ಶಾಖ ಪದರದ ತಳದವರೆಗೂ ಮುಟ್ಟಬೇಕು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಸ್ಯಾಂಪಲ್ ಕೈಗೆ ಬಂದ ಕೂಡಲೇ ಅಕ್ಷರ ಇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಅಕ್ಷರ ಬಿರುಕು ಬಿಟ್ಟರೆ ವಾಪಸ್ ಕೊಡಿ.

ಡ್ರೈ ಫಿಟ್ ಅಂದರೆ ಪಾಲಿಯೆಸ್ಟರ್. ಕೆಂಪು ಪಾಲಿಯೆಸ್ಟರ್ ಮೇಲೆ ಬಿಳಿ ಹೊಡೆದು ಕಾಯಿಸಿದರೆ ಬಟ್ಟೆಯ ಬಣ್ಣ ಮೇಲೆದ್ದು ಬಿಳಿ ಗುಲಾಬಿ ಆಗುತ್ತದೆ, ಕೆಲವು ಸಲ ಮರುದಿನ ಗೊತ್ತಾಗುತ್ತದೆ. ಹತ್ತಿಯೇ ಇರಲಿ, 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ). ಡಿಟಿಎಫ್ ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ತೆಗೆದು, ಅಂಟಿನ ಪುಡಿ ಹಾಕಿ, ಹೀಟ್ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತೋದು. ಹತ್ತು ಪೀಸ್ ಇದ್ದರೆ, ಫೋಟೋ ಇದ್ದರೆ ಅದು ಒಳ್ಳೆಯದು. ಆದರೆ ದೊಡ್ಡ ಡಿಸೈನ್ ಆದರೆ ಎದೆಗೆ ಸ್ಟಿಕ್ಕರ್ ಅಂಟಿಸಿಕೊಂಡ ಹಾಗಿರುತ್ತದೆ, ಸೆಖೆ. 60 ಪೀಸ್, ಒಂದು ಬಣ್ಣಕ್ಕೆ ಸ್ಕ್ರೀನೇ ಸರಿ.

ತಲೆಕಟ್ಟು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಫೈಲ್ ಬಗ್ಗೆ. ನಮ್ಮ ಕಡೆ ಬಹಳಷ್ಟು ಅಂಗಡಿಯಲ್ಲಿ ಕೋರಲ್‌ಡ್ರಾ ಅನ್ನೋ ಡಿಸೈನ್ ತಂತ್ರಾಂಶ ಇರುತ್ತದೆ. ನೀವು ಬಳಸಿದ ಫಾಂಟ್ ಅಲ್ಲಿ ಇಲ್ಲದಿದ್ದರೆ, ಅಥವಾ ನೀವು ಯೂನಿಕೋಡ್‌ನಲ್ಲಿ ಬರೆದು ಅವರು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ತೆರೆದರೆ, ಅಕ್ಷರ ಒಡೆದುಹೋಗುತ್ತದೆ. ನನ್ನ ತಂಗಿಯ ಕಾಲೇಜಿನ ಹಬ್ಬಕ್ಕೆ ಮಾಡಿಸಿದ ಶರ್ಟಿನ ಮೇಲೆ "ಕನ್‌ನಡ" ಅಂತಲೇ ಪ್ರಿಂಟ್ ಆಗಿ ಬಂತು, ಅಂಗಡಿಯ ಹುಡುಗನಿಗೆ ಕನ್ನಡ ಓದೋಕೆ ಬರುತ್ತಿರಲಿಲ್ಲ. ಅವನದು ತಪ್ಪು ಅನ್ನಲಾರೆ, ನಾವೇ ಪ್ರೂಫ್ ನೋಡಬೇಕಿತ್ತು. ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿಬಿಡಿ, ಆಮೇಲೆ ಅದು ಬರೀ ಚಿತ್ರ, ಯಾವ ಫಾಂಟೂ ಬೇಕಿಲ್ಲ.

ಎರಡು ಸಾಲು ಬರೆಯುವುದಾದರೆ ನಡುವೆ ಜಾಸ್ತಿ ಜಾಗ ಬಿಡಿ. ಇಂಗ್ಲಿಷಿಗೆ ಇಟ್ಟಷ್ಟೇ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಫಾಂಟ್ ತುಂಬಾ ಬೋಲ್ಡ್ ಬೇಡ, ಒತ್ತಿನ ಒಳಗಿನ ಖಾಲಿ ಜಾಗ ಮೊದಲೇ ಕಡಿಮೆ. ಡಿಸೈನನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಗೋಡೆಗೆ ಅಂಟಿಸಿ, ಎಂಟು ಹತ್ತು ಅಡಿ ದೂರ ನಿಂತು ಓದಿ. ನಾನು ಪ್ರತಿ ಸಲ ಹೀಗೇ ಮಾಡೋದು.

ಹಳೇಪೆಟ್ಟಿಗೆ:
ಮಗಳ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಟೀ ಶರ್ಟ್ ಮೊದಲು ಒಳಗೆ ಹಾಕಿಕೊಳ್ಳುವ ಬನಿಯನ್ನೇ. 1913ರ ಹೊತ್ತಿಗೆ ಅಮೆರಿಕದ ನೌಕಾಪಡೆ ತನ್ನವರಿಗೆ ಇಂಥದ್ದನ್ನು ಸಮವಸ್ತ್ರದ ಒಳಗೆ ಹಾಕೋಕೆ ಕೊಟ್ಟಿತು. 1942ರ ಜುಲೈಯಲ್ಲಿ ಲೈಫ್ ಪತ್ರಿಕೆಯ ಮುಖಪುಟದಲ್ಲಿ ಒಬ್ಬ ಸೈನಿಕನ ಫೋಟೋ ಬಂತು, ಅವನ ಶರ್ಟಿನ ಎದೆ ಮೇಲೆ ವಾಯುಪಡೆಯ ಗನ್ನರಿ (ಬಂದೂಕು ತರಬೇತಿ) ಶಾಲೆಯ ಗುರುತು ಪ್ರಿಂಟ್ ಆಗಿತ್ತು. 1948ರಲ್ಲಿ ಥಾಮಸ್ ಡ್ಯೂಯಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಾಗ ಅವರ ಹೆಸರಿನ ಘೋಷಣೆ ಇರುವ ಶರ್ಟ್ ಮಾಡಿದ್ದರು. ಡ್ಯೂಯಿ ಸೋತರು, ಶರ್ಟ್ ಮಾತ್ರ ಇವತ್ತಿಗೂ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ನನಗೆ ತುಂಬಾ ಇಷ್ಟ ಆಗೋದು ಟೀ ಶರ್ಟ್‌ಗಳ ಮೇಲೆ ಕಾಣುವ ನ್ಯೂಯಾರ್ಕಿನ ಆ ಕೆಂಪು ಹೃದಯದ ಗುರುತು, "I ♥ NY". ಡಿಸೈನರ್ ಮಿಲ್ಟನ್ ಗ್ಲೇಸರ್ 1976ರಲ್ಲಿ ಟ್ಯಾಕ್ಸಿಯಲ್ಲಿ ಕೂತು ಕೆಂಪು ಕ್ರೇಯಾನಿನಲ್ಲಿ ಗೀಚಿದ್ದು. ಮೂರು ಅಕ್ಷರ, ಒಂದು ಹೃದಯ, ಅಷ್ಟೇ. ಅದಕ್ಕೆ ಅವರು ದುಡ್ಡು ತಗೊಳ್ಳಲಿಲ್ಲ. ನೀವೂ ಮಾತು ಕಡಿಮೆ ಮಾಡಿ ಅಂತ ನನ್ನ ಸಲಹೆ. "ಅಕ್ಕರೆ" ಅಂತ ಒಂದೇ ಪದ ದೊಡ್ಡದಾಗಿ ಹಾಕಿದರೆ ಒತ್ತೂ ದೊಡ್ಡದಾಗುತ್ತದೆ, ಇಂಕ್ ತುಂಬುವ ಭಯವೂ ಕಡಿಮೆ, ಅಲ್ವಾ?

ನೇಸರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳದಿ ಹತ್ತಿ ಬಟ್ಟೆ, ಕೆಂಪಿನಲ್ಲಿ "ಅಕ್ಕರೆ" ಒಂದೇ ಪದ ಅಂತ ಬಳಗದಲ್ಲಿ ಒಪ್ಪಿಸಿದೆ. ಮಗಳು ಕೈಯಲ್ಲೇ ಬರೆಯುತ್ತೇನೆ ಅಂದಿದ್ದಾಳೆ, ಅದನ್ನೇ ಸ್ಕ್ಯಾನ್ ಮಾಡಿ ಕೊಡಬಹುದಾ?

ಮಸಿಕೈ:
ಖಂಡಿತ ಕೊಡಬಹುದು. ಬಿಳಿ ಹಾಳೆ ಮೇಲೆ ದಪ್ಪ ಕಪ್ಪು ಮಾರ್ಕರ್‌ನಲ್ಲಿ ಬರೆಯಲಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಒತ್ತಿನ ಒಳಗೆ ಬೆಳಕು ಕಾಣುವಷ್ಟು ಜಾಗ ಬಿಡೋಕೆ ಹೇಳಿ. ಒಂದು ಸ್ಯಾಂಪಲ್ ಮೊದಲು ತಗೊಂಡು ಎರಡು ಮೂರು ಸಲ ಒಗೆದು ನೋಡಿ, ಆಮೇಲೆ ಉಳಿದ 59ಕ್ಕೆ ಹೂಂ ಅನ್ನಿ.