ಗ್ರೀನ್ ಕಾರ್ಡ್ ಹುಡುಗನ ಜೊತೆ ತಂಗಿಯ ಮದುವೆ: ಕರೆಸಿಕೊಳ್ಳೋಕೆ ನಿಜಕ್ಕೂ ಎಷ್ಟು ಕಾಲ ಬೇಕು?

ಕೇಳಿದವರು, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಸಂಬಂಧ ಕೂಡಿ ಬಂದಿದೆ. ಹುಡುಗ ಮೈಸೂರು ಕಡೆಯವನು, ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಕಂಪನಿ ಮೂಲಕ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ಇರೋಕೆ ಕೊಡೋ ಅನುಮತಿ) ಬಂದಿದೆ, ಸಿಟಿಜನ್ ಆಗಿಲ್ಲ. ಮಾತುಕತೆಯ ದಿನ ಅವರ ಕಡೆಯವರು "ಮದುವೆ ಆದ ಆರು ತಿಂಗಳಿಗೆ ಕರೆಸಿಕೊಳ್ತಾನೆ" ಅಂದರು. ನಮ್ಮ ಸೋದರಮಾವ ಮೂರು ವರ್ಷ ಆಗುತ್ತೆ ಅಂತಾರೆ. ತಂಗಿ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಕೆಲಸ ಬಿಡಬೇಕಾ ಬೇಡವಾ, ಅಲ್ಲಿವರೆಗೆ ವಿಸಿಟರ್ ವೀಸಾದಲ್ಲಿ ಹೋಗಿ ಇರಬಹುದಾ, ಇಲ್ಲಿ ಯಾವ ಕಾಗದ ಮಾಡಿಸಿಡಬೇಕು, ಇದೇ ಮನೆಯಲ್ಲಿ ದಿನಾ ಚರ್ಚೆ. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ.

ಜಯನಗರದಿಂದ

ನನ್ನ ಮಗಳ ಫೈಲಿಗೆ ಇಲ್ಲಿ ಓಡಾಡಿದ್ದು ಪೂರ್ತಿ ನಾನೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಸೋದರಮಾವನ ಮಾತೇ ನಿಜಕ್ಕೆ ಹತ್ತಿರ. ಹಾಗಂತ ಹುಡುಗನ ಮನೆಯವರು ಸುಳ್ಳು ಹೇಳಿದರು ಅಂತ ತಿಳಿಯಬೇಡಿ. ಸಿಟಿಜನ್‌ಗೂ ಗ್ರೀನ್ ಕಾರ್ಡಿಗೂ ಇರುವ ವ್ಯತ್ಯಾಸ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಗಂಡ ಸಿಟಿಜನ್ ಆದರೆ ಹೆಂಡತಿಯ ವೀಸಾಕ್ಕೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ, ಕಾಗದಪತ್ರ ಮುಗಿಯುವಷ್ಟು ಕಾಲ ಕಾದರೆ ಆಯಿತು. ಗಂಡನ ಹತ್ತಿರ ಗ್ರೀನ್ ಕಾರ್ಡ್ ಮಾತ್ರ ಇದ್ದರೆ ಎಫ್2ಎ ಅನ್ನುವ ವರ್ಗಕ್ಕೆ ಬರುತ್ತೀರಿ. ಅದಕ್ಕೆ ಮಿತಿ ಇದೆ, ಮಿತಿ ಇದ್ದ ಮೇಲೆ ಸರದಿ ಇದ್ದೇ ಇರುತ್ತದೆ. ಈ ಸರದಿ ಎಲ್ಲಿಗೆ ಬಂದಿದೆ ಅಂತ ಅಮೆರಿಕ ಸರ್ಕಾರ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ 2025ರ ಮೊದಲ ತಿಂಗಳುಗಳಲ್ಲಿ ನಿಂತಿದ್ದ ದಿನಾಂಕ 2022ರ ಜನವರಿ 1. ಅದಕ್ಕೂ ಮೊದಲು ಅರ್ಜಿ ಹಾಕಿದವರಿಗೆ ಮಾತ್ರ ಆಗ ವೀಸಾ. ಇದೇ ವರ್ಗ 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಸರದಿಯೇ ಇಲ್ಲದೆ ನಡೆದಿತ್ತು, ಏಪ್ರಿಲ್‌ನಲ್ಲಿ ದಿನಾಂಕ ಒಮ್ಮೆಲೇ ಹಿಂದಕ್ಕೆ ಹೋಯಿತು. ಆ ಕಾಲದಲ್ಲಿ ಹೋದವರನ್ನು ಕೇಳಿದರೆ "ಏನಿಲ್ಲ, ಬೇಗ ಆಗುತ್ತೆ" ಅಂತಾರೆ. ಅವರ ಅನುಭವ ಅವರಿಗೆ ಸರಿ, ನಿಮಗೆ ಉಪಯೋಗಕ್ಕೆ ಬರಲ್ಲ. ಪ್ರತಿ ತಿಂಗಳೂ ಹೊಸ ಬುಲೆಟಿನ್ ಬರುತ್ತದೆ, ಅದನ್ನು ನೀವೇ ನೋಡಿ.

ಸಮಾಧಾನ ಅಂದ್ರೆ, ಕೆಲಸದ ಗ್ರೀನ್ ಕಾರ್ಡಿನಲ್ಲಿ ಭಾರತದವರಿಗೆ ಇರುವ ಹನುಮಂತನ ಬಾಲದಂಥ ಸಾಲು ಇಲ್ಲಿ ಇಲ್ಲ. ಎಫ್2ಎ ವೀಸಾಗಳಲ್ಲಿ ನೂರಕ್ಕೆ 75ರಷ್ಟಕ್ಕೆ ದೇಶದ ಲೆಕ್ಕವನ್ನೇ ಹಿಡಿಯುವುದಿಲ್ಲ.

ಸರದಿ ಶುರುವಾಗುವುದು ಮದುವೆಯ ದಿನದಿಂದ ಅಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಹುಡುಗ ಹಾಕುವ ಐ-130 ಅರ್ಜಿ ಅವರ ಇಮಿಗ್ರೇಷನ್ ಇಲಾಖೆಗೆ ತಲುಪಿದ ದಿನದಿಂದ. ಅದನ್ನೇ ಪ್ರಯಾರಿಟಿ ಡೇಟ್ ಅನ್ನುವುದು. ಇಡೀ ವ್ಯವಹಾರದಲ್ಲಿ ನಿಮ್ಮ ಕೈಯಲ್ಲಿರುವುದು ಇದೊಂದೇ, ಮಿಕ್ಕಿದ್ದೆಲ್ಲ ಅವರ ಕೈಯಲ್ಲಿ. ಹುಡುಗನಿಗೆ ಸಿಗುವುದು ಎರಡು ಮೂರು ವಾರದ ರಜೆ. ಅದರಲ್ಲಿ ಬೀಗರ ಔತಣ, ಮನೆದೇವರು, ಸತ್ಯನಾರಾಯಣ ಪೂಜೆ ಅಂತ ದಿನ ಹೋಗಿಬಿಡುತ್ತದೆ, ಕೊನೆಗೆ ರಿಜಿಸ್ಟ್ರೇಷನ್ "ಮುಂದಿನ ಸಲ ಬಂದಾಗ" ಆಗಿಬಿಡುತ್ತದೆ. ನಮ್ಮ ರಸ್ತೆಯಲ್ಲೇ ಒಬ್ಬರ ಮನೆಯಲ್ಲಿ ಹಾಗಾಗಿ ಒಂದು ವರ್ಷ ಸುಮ್ನೆ ಹೋಯಿತು. ನಮ್ಮ ರಾಜ್ಯದ ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಮದುವೆ ನೋಂದಣಿಯ ಅರ್ಜಿ ಮೊದಲೇ ತುಂಬಿಟ್ಟುಕೊಳ್ಳಿ. ಲಗ್ನಪತ್ರಿಕೆ, ತಾಳಿ ಕಟ್ಟುವಾಗಿನ ಒಂದು ಫೋಟೋ, ವಯಸ್ಸಿನ ದಾಖಲೆ, ಮೂರು ಜನ ಸಾಕ್ಷಿ, ಇಷ್ಟನ್ನು ಮದುವೆಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಆರತಕ್ಷತೆ ಮುಗಿದ ಮೊದಲ ಕೆಲಸದ ದಿನವೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ. ಸರ್ಟಿಫಿಕೇಟ್ ಕೈಗೆ ಬಂದರೆ ಐ-130 ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು, ಹುಡುಗ ವಾಪಸ್ ಹೋಗುವ ತನಕ ಕಾಯಬೇಕಾಗಿಲ್ಲ.

ಮುಹೂರ್ತ ದೂರ ಇದ್ದರೆ ಕೆಲವರು ಮೊದಲೇ ಸ್ಪೆಷಲ್ ಮ್ಯಾರೇಜ್ ಆ್ಯಕ್ಟ್ ಪ್ರಕಾರ ಮದುವೆ ಮಾಡಿಸಿ, ಶಾಸ್ತ್ರದ ಮದುವೆ ಆಮೇಲೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ 30 ದಿನದ ನೋಟಿಸ್ ಇದೆ. ಇಬ್ಬರಲ್ಲಿ ಒಬ್ಬರಾದರೂ ಆ ವ್ಯಾಪ್ತಿಯಲ್ಲಿ 30 ದಿನ ವಾಸ ಇದ್ದಿರಬೇಕು. ಸರದಿಯಲ್ಲಿ ಒಂದಷ್ಟು ತಿಂಗಳು ಮುಂದೆ ನಿಲ್ಲಬಹುದು ಅನ್ನೋದು ನಿಜ. ಆದರೆ ಅವತ್ತಿಗೇ ಅವರು ಕಾನೂನು ಪ್ರಕಾರ ಗಂಡ ಹೆಂಡತಿ, ಮಧ್ಯದಲ್ಲಿ ಏನಾದರೂ ಹೆಚ್ಚು ಕಡಿಮೆ ಆದರೆ ಕೋರ್ಟಿಗೇ ಹೋಗಬೇಕು. ಎರಡೂ ಮನೆಯವರಿಗೆ ಪೂರ್ತಿ ನಂಬಿಕೆ ಇದ್ದರೆ ಮಾತ್ರ ಮಾಡಿ.

ಇನ್ನು ಹೆಸರಿನ ಗೋಳು. ನಮ್ಮ ಕಡೆ ಇನಿಷಿಯಲ್ ಇಲ್ಲದವರು ಯಾರಿದ್ದಾರೆ? ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಊರ ಹೆಸರು ಅಪ್ಪನ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದೇ ಅಕ್ಷರ ಹೆಸರಿನ ಮುಂದೆ. ಮದುವೆ ಸರ್ಟಿಫಿಕೇಟಿನಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರಲಿ. ನಮ್ಮದರಲ್ಲಿ ಪ್ರಿಂಟ್ ತೆಗೆಯುವ ಮುಂಚೆ ಪರದೆ ನಮ್ಮ ಕಡೆ ತಿರುಗಿಸಿದರು. ನಾನು ಎರಡೂ ಪಾಸ್‌ಪೋರ್ಟ್ ಪಕ್ಕಕ್ಕೆ ಹಿಡಿದು ಬೆರಳಿಟ್ಟು ಅಕ್ಷರ ಅಕ್ಷರ ಓದಿದೆ. ಅಳಿಯನ ತಂದೆಯ ಹೆಸರಿನಲ್ಲಿ ಒಂದು 'ಎಚ್' ಬಿಟ್ಟುಹೋಗಿತ್ತು. ಹಿಂದೆ ನಿಂತವರು ಗೊಣಗಿದರು, ಗೊಣಗಲಿ ಬಿಡಿ. ಅಂದ ಹಾಗೆ, ಮದುವೆ ಆದ ಕೂಡಲೇ ತಂಗಿ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಲೇಬೇಕು ಅಂತ ಏನೂ ಇಲ್ಲ.

ತಂಗಿಯ ಜನನ ಪ್ರಮಾಣಪತ್ರ ಇವತ್ತೇ ತೆಗೆದು ನೋಡಿ. ಆಗೆಲ್ಲ ಆಸ್ಪತ್ರೆಯಿಂದಲೇ ನೋಂದಣಿ ಆಗುತ್ತಿತ್ತು, ಮಗುವಿಗೆ ನಾಮಕರಣವೇ ಆಗಿರುತ್ತಿರಲಿಲ್ಲ, ಹಾಗಾಗಿ ಎಷ್ಟೋ ಪತ್ರಗಳಲ್ಲಿ ಹೆಸರಿನ ಜಾಗ ಖಾಲಿ. ಅದನ್ನು ಸೇರಿಸಿ ಹೊಸ ಪ್ರತಿ ಮಾಡಿಸಿಕೊಳ್ಳಿ. ನೋಂದಣಿಯೇ ಆಗಿಲ್ಲದಿದ್ದರೆ ದಾಖಲೆ ಸಿಗುತ್ತಿಲ್ಲ ಅನ್ನುವ ಪತ್ರದ ಜೊತೆ ಮನೆಯ ಹಿರಿಯರ ಅಫಿಡವಿಟ್ ಬೇಕು. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಈಗಲೇ ಮಾಡಿಸಬೇಡಿ, ಅದಕ್ಕೆ ಅವಧಿ ಇದೆ. ಸರದಿ ಹತ್ತಿರ ಬಂದಾಗ ಲಾಲ್‌ಬಾಗ್ ರಸ್ತೆ ಅಥವಾ ಮಾರತ್‌ಹಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮಾಡಿಸಿದರೆ ಆಯಿತು.

ಕೆಲಸ? ಖಂಡಿತ ಬಿಡಬೇಡಿ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟುವ ತನಕ ರಾಜೀನಾಮೆ ಪತ್ರ ಬರೆಯಲೇ ಕೂಡದು.

ವಿಜಯನಗರದಿಂದ

ಮೇಡಂ ಎಲ್ಲ ಹೇಳಿದ್ದಾರೆ. ಒಂದು ಮಾತು, ನಿಮಗಲ್ಲ, ಇದನ್ನು ಓದುತ್ತಿರುವ ಬೇರೆಯವರಿಗೆ. ಹುಡುಗನಿಗೆ ಕಂಪನಿ ಮೂಲಕ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಬರುವ ಹಂತದಲ್ಲಿದೆ ಅಂದ್ರೆ ದಯವಿಟ್ಟು ಅದು ಕೈಗೆ ಬರುವ ಮುಂಚೆ ಮದುವೆ ರಿಜಿಸ್ಟರ್ ಮಾಡಿಸಿ. ಮದುವೆ ಮೊದಲು ಆಗಿದ್ದರೆ ಹೆಂಡತಿ ಗಂಡನ ಜೊತೆಯಲ್ಲೇ, ಇಲ್ಲವೇ ಆಮೇಲೆ ಅವನ ಫೈಲಿನ ಮೇಲೆಯೇ ಹೋಗಬಹುದು, ಬೇರೆ ಸರದಿ ನಿಲ್ಲಬೇಕಾಗಿಲ್ಲ. ಕಾರ್ಡ್ ಬಂದ ಮಾರನೇ ದಿನ ಮದುವೆ ಆದರೂ ಎಫ್2ಎ ಸಾಲಿಗೇ ಹೋಗಬೇಕು. ನನ್ನ ಭಾಮೈದ ಈ ವಿಷಯ ತಿಳಿದುಕೊಂಡು ನಿಶ್ಚಿತಾರ್ಥವನ್ನೇ ಮದುವೆ ಮಾಡಿಬಿಟ್ಟ. ಛತ್ರದವರ ಅಡ್ವಾನ್ಸ್ ಹೋಯಿತು, ಮೂರು ವರ್ಷ ಉಳಿಯಿತು.

ಫಿಯಾನ್ಸೆ ವೀಸಾ ಅಂತ ಯಾರಾದರೂ ತಲೆ ತಿಂದರೆ ಕೇಳಬೇಡಿ. ಅದು ಸಿಟಿಜನ್‌ಗಳಿಗೆ ಮಾತ್ರ.

ಮಲ್ಲೇಶ್ವರದಿಂದ

ನಾನು ಈಗ ಇದೇ ಸರದಿಯಲ್ಲಿರುವವಳು. ವಿಸಿಟರ್ ವೀಸಾ ಬಗ್ಗೆ ನೇರವಾಗಿ ಹೇಳ್ತೀನಿ. ಆ ವೀಸಾಕ್ಕೆ ತುಂಬುವ ಡಿಎಸ್-160 ಫಾರ್ಮಿನಲ್ಲೇ "ನಿಮ್ಮ ಪರವಾಗಿ ಯಾರಾದರೂ ಇಮಿಗ್ರೆಂಟ್ ಅರ್ಜಿ ಹಾಕಿದ್ದಾರಾ" ಅಂತ ಕೇಳುತ್ತಾರೆ. ಹೌದು ಅಂತಲೇ ಬರೆಯಬೇಕು. ಬರೆದ ಮೇಲೆ, ಗಂಡ ಅಲ್ಲೇ ಇದ್ದಾನೆ, ಈಕೆ ವಾಪಸ್ ಬರ್ತಾಳೆ ಅಂತ ಏನು ಗ್ಯಾರಂಟಿ ಅಂತ ಅವರಿಗೆ ಅನಿಸೋದು ಸಹಜ ಅಲ್ವಾ? ಕೆಲವರಿಗೆ ಸಿಕ್ಕಿದೆ, ಜಾಸ್ತಿ ಜನಕ್ಕೆ ಸಿಕ್ಕಿಲ್ಲ, ನನಗೂ ಸಿಗಲಿಲ್ಲ. ಸುಳ್ಳು ಮಾತ್ರ ಬರೆಯಬೇಡಿ. ವಿಸಿಟರ್ ವೀಸಾ ಬೇಡ ಅಂದರೆ ಒಂದು ಸಲಕ್ಕೆ ಮುಗೀತು, ಸುಳ್ಳು ಸಿಕ್ಕಿಬಿದ್ದರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ಮೊದಲಿನಿಂದಲೇ ವಿಸಿಟರ್ ವೀಸಾ ಇರುವವರೂ ಇಳಿಯುವ ಏರ್‌ಪೋರ್ಟಿನಲ್ಲಿ ಪ್ರಶ್ನೆಗೆ ತಯಾರಾಗಿರಬೇಕು.

ಸ್ಟೂಡೆಂಟ್ ವೀಸಾಕ್ಕೂ ಇದೇ ತಕರಾರು. ಕೆಲಸಕ್ಕೆ ಹೋಗುವ ಎಚ್-1ಬಿ, ಅದೇ ಕಂಪನಿಯ ಅಲ್ಲಿನ ಆಫೀಸಿಗೆ ವರ್ಗವಾಗುವ ಎಲ್-1 ವೀಸಾಗಳಿಗೆ ಮಾತ್ರ ಈ ತೊಡಕಿಲ್ಲ, ಅಲ್ಲಿ ನೆಲೆಸುವ ಯೋಚನೆ ಇದ್ದರೂ ಕೊಡುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಅಂತ ಮಾಡಿದ ಮೇಲೆ ಅದರ ಆಸೆ ನಾನಂತೂ ಬಿಟ್ಟೆ. ನಿಮ್ಮ ತಂಗಿಯ ಕಂಪನಿಗೆ ಅಲ್ಲಿ ಆಫೀಸ್ ಇದ್ದರೆ ಎಲ್-1 ಬಗ್ಗೆ ಕೇಳಿ ನೋಡಲಿ. ಕೆಲಸ ಬಿಡಬಾರದು ಅನ್ನೋಕೆ ಇದೂ ಒಂದು ಕಾರಣ.

ನಾವು ಮಾಡಿಕೊಂಡಿರುವ ವ್ಯವಸ್ಥೆ ಏನೆಂದರೆ ನಮ್ಮವರೇ ಬರುತ್ತಾರೆ. ಸಂಕ್ರಾಂತಿಗೆ ಒಂದು ಸಲ, ಮಳೆಗಾಲದಲ್ಲಿ ಒಂದು ಸಲ, ಇಲ್ಲಿಂದಲೇ ಸ್ವಲ್ಪ ದಿನ ಕೆಲಸ ಮಾಡುತ್ತಾರೆ. ರಾತ್ರಿ ಎಲ್ಲ ಅವರ ಮೀಟಿಂಗು, ಬೆಳಗ್ಗೆ ಎಲ್ಲ ನನ್ನದು. ಏನೋ ನಡೀತಿದೆ. ಆ ಟಿಕೆಟ್, ಬೋರ್ಡಿಂಗ್ ಪಾಸ್ ಎಲ್ಲ ಒಂದು ಕವರಿನಲ್ಲಿ ಹಾಕಿಡಿ. ಮದುವೆ ನಿಜವಾದದ್ದು ಅಂತ ತೋರಿಸೋಕೆ ಆಲ್ಬಮ್ಮಿನ ನೂರಾರು ಫೋಟೋಗಿಂತ ಆಮೇಲಿನ ಇಂಥ ಕಾಗದಗಳೇ ಹೆಚ್ಚು ಸಹಾಯ ಅಂತ ನಮ್ಮ ವಕೀಲರ ಮಾತು. ಇನ್ಶೂರೆನ್ಸಿನಲ್ಲಿ ನಾಮಿನಿ ನಾನು, ಬ್ಯಾಂಕಿನಲ್ಲಿ ಜಂಟಿ ಖಾತೆ, ಇವೂ ಅದೇ ಕವರಿನಲ್ಲಿವೆ.

ಬಿಟಿಎಂ ಲೇಔಟ್‌ನಿಂದ

ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ಐ-130ಕ್ಕೆ 2024ರ ಏಪ್ರಿಲ್‌ನಿಂದ ಆನ್‌ಲೈನ್ ಆದರೆ 625 ಡಾಲರ್, ಪೇಪರ್ ಅರ್ಜಿಗೆ 675. ಆಮೇಲೆ ಇಂಟರ್‌ವ್ಯೂಗೆ ಮುಂಚೆ ಕಾಗದ ನೋಡುವ ನ್ಯಾಷನಲ್ ವೀಸಾ ಸೆಂಟರ್‌ಗೆ ಫೈಲು ಹೋದಾಗ 325 ಮತ್ತು 120 ಕಟ್ಟಿದ ನೆನಪು. ವೀಸಾ ಬಂದ ಮೇಲೆ ಕಾರ್ಡಿಗೆ 235. ಮೆಡಿಕಲ್, ಮುಂಬೈ ಓಡಾಟ ಬೇರೆ. ಹೌದು, ಇಂಟರ್‌ವ್ಯೂ ಮುಂಬೈನಲ್ಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್. ಬೆಂಗಳೂರಿನಲ್ಲಿ ಕಾನ್ಸುಲೇಟ್ ಅಂತ 2025ರ ಜನವರಿಯಲ್ಲಿ ದೊಡ್ಡ ಸುದ್ದಿ ಆಯಿತು, ಆದರೆ ಅವತ್ತು ಶುರುವಾದದ್ದರಲ್ಲಿ ವೀಸಾ ಕೆಲಸ ಇರಲಿಲ್ಲ.

ಹುಡುಗನ ಸಂಬಳವನ್ನೂ ನೋಡುತ್ತಾರೆ. ಹೆಂಡತಿಯ ಖರ್ಚಿನ ಹೊಣೆ ನನ್ನದು ಅಂತ ಐ-864 ಅನ್ನೋ ಒಂದು ಮುಚ್ಚಳಿಕೆ ಬರೆದುಕೊಡಬೇಕು, ಆದಾಯ ಅವರ ಬಡತನ ರೇಖೆಯ ನೂರಕ್ಕೆ 125ರಷ್ಟಾದರೂ ಇರಬೇಕು. 2025ರ ಲೆಕ್ಕದಲ್ಲಿ ಇಬ್ಬರ ಸಂಸಾರಕ್ಕೆ ವರ್ಷಕ್ಕೆ 26 ಸಾವಿರ ಡಾಲರ್ ಚಿಲ್ಲರೆ. ಐಟಿ ಹುಡುಗನಿಗೆ ಅದೇನು ಕಷ್ಟವಲ್ಲ, ಟ್ಯಾಕ್ಸ್ ಸರಿಯಾಗಿ ಕಟ್ಟಿದ್ದಾನಾ ಅನ್ನೋದು ಮುಖ್ಯ. ಹುಡುಗಿ ಕಡೆಯವರು ತಿಳಿದಿರಬೇಕಾದ್ದು, ಮುಂದೆ ಡೈವೋರ್ಸ್ ಆದರೂ ಆ ಮುಚ್ಚಳಿಕೆ ಬಿದ್ದುಹೋಗುವುದಿಲ್ಲ. ಮಂಗಳದ ಮಾತಾಡುವಾಗ ಇದ್ಯಾಕೆ ಅಂತೀರಿ, ಆದರೂ ಗೊತ್ತಿರಲಿ.

ಏಜೆಂಟ್ ಹತ್ತಿರ ಹೋಗಬೇಡಿ. ನಮ್ಮ ಕಡೆ ಒಬ್ಬ "ಸರದಿ ಮುಂದಕ್ಕೆ ತರಿಸ್ತೀನಿ" ಅಂತ ದುಡ್ಡು ಕೇಳಿದ. ಸರದಿಯನ್ನು ಯಾರೂ ಮುಂದಕ್ಕೆ ತರಿಸೋಕಾಗಲ್ಲ. ಹಿಂದೆ ಒಂದು ಮದುವೆ, ಡೈವೋರ್ಸ್ ಆಗಿದೆ, ಅಥವಾ ಹುಡುಗನಿಗೆ ಮೊದಲ ಹೆಂಡತಿಯ ಮೂಲಕವೇ ಗ್ರೀನ್ ಕಾರ್ಡ್ ಬಂದಿದೆ ಅಂಥ ಕೇಸಾದರೆ ಅಲ್ಲಿನ ಇಮಿಗ್ರೇಷನ್ ವಕೀಲರಿಗೆ ಕೊಡಿ. ಇಲ್ಲಾಂದ್ರೆ ಫಾರ್ಮ್ ನೀವೇ ತುಂಬಬಹುದು.

ಕೇಳಿದವರು, ರಾಜಾಜಿನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹುಡುಗನ ಹತ್ತಿರವೇ ಮಾತಾಡಿದೆ. ಗ್ರೀನ್ ಕಾರ್ಡ್ ಬಂದು ನಾಲ್ಕು ವರ್ಷ ಆಗಿದೆಯಂತೆ. "ಇನ್ನೊಂದು ವರ್ಷಕ್ಕೆ ನಾನೇ ಸಿಟಿಜನ್ ಆಗಬಹುದು, ಆಮೇಲೇ ಅರ್ಜಿ ಹಾಕ್ತೀನಿ" ಅಂತಾನೆ. ಕಾಯೋದು ಒಳ್ಳೇದಾ?

ಜಯನಗರದಿಂದ

ಕಾಯಬೇಡಿ. ಐ-130 ಈಗಲೇ ಹಾಕಿಸಿ. ನಾಲ್ಕು ವರ್ಷ ಒಂಬತ್ತು ತಿಂಗಳು ತುಂಬಿದಾಗ ಅವನು ಸಿಟಿಜನ್ ಅರ್ಜಿ ಹಾಕಬಹುದು, ಎರಡೂ ಜೊತೆಜೊತೆಗೆ ನಡೆಯಲಿ. ಪ್ರಮಾಣವಚನ ಆದ ದಿನ ಆ ಸರ್ಟಿಫಿಕೇಟಿನ ಪ್ರತಿ ಕಳಿಸಿದರೆ ಇದೇ ಹಳೇ ಅರ್ಜಿ ಸಿಟಿಜನ್ ಹೆಂಡತಿಯ ಲೆಕ್ಕಕ್ಕೆ ಬದಲಾಗುತ್ತದೆ, ಸರದಿಯ ತಾಪತ್ರಯ ಅಲ್ಲಿಗೆ ಮುಗಿಯಿತು. ನನ್ನ ಮಗಳದ್ದು ಆಗಿದ್ದೂ ಹೀಗೇ. ಎರಡು ವಿಷಯ ಮಾತ್ರ ಹೇಳಿಡಿ. ಹೆಂಡತಿ ಅಲ್ಲಿ ಇಳಿಯುವಾಗ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮೊದಲು ಸಿಗುವುದು ಎರಡು ವರ್ಷದ ಕಾರ್ಡ್, ಅದು ಮುಗಿಯುವ ಮುಂಚಿನ 90 ದಿನದೊಳಗೆ ಮತ್ತೊಂದು ಅರ್ಜಿ ಹಾಕಬೇಕು. ಅಷ್ಟರಲ್ಲಿ ಮಗು ಇಲ್ಲೇ ಹುಟ್ಟಿದರೆ, ಅವನು ಸಿಟಿಜನ್ ಆದ ಮೇಲೆ ತಾಯಿಯ ಅರ್ಜಿಯ ಜೊತೆ ಮಗು ಹೋಗಲಾಗುವುದಿಲ್ಲ, ಮಗುವಿಗೆ ಬೇರೆ ಅರ್ಜಿ ಬೇಕು.

ಇನ್ನು ಹುಡುಗ ಹೆಂಡತಿ ಜೊತೆ ಇರಬೇಕು ಅಂತ ಇಲ್ಲೇ ತಿಂಗಳುಗಟ್ಟಲೆ ಕೂರಬಾರದು. ಒಂದೇ ಸಲ ಆರು ತಿಂಗಳು ದಾಟಿದರೆ ಸಿಟಿಜನ್ ಅರ್ಜಿಗೆ ಅಡ್ಡಿ, ವಾಪಸ್ ಬರಲು ಮೊದಲೇ ಪಡೆಯುವ ರೀ ಎಂಟ್ರಿ ಪರ್ಮಿಟ್ ಇಲ್ಲದೆ ವರ್ಷ ದಾಟಿದರೆ ಗ್ರೀನ್ ಕಾರ್ಡಿಗೇ ಸಂಚಕಾರ. ಮದುವೆ ತಾರೀಖು ಗೊತ್ತಾದ ಮೇಲೆ ಬರೆಯಿರಿ, ನಿಮ್ಮ ವ್ಯಾಪ್ತಿಯ ಸಬ್ ರಿಜಿಸ್ಟ್ರಾರ್ ಆಫೀಸ್ ಯಾವುದು ಅಂತ ನೋಡಿ ಹೇಳುತ್ತೇನೆ.